ಪುಟ್ಟತ್ತೆಯ ಮೊಳ

ಒದ್ದೆ ಬಾಳೆನಾರಿಗೆ ಮರುಗ ಸೇರಿದಾಗ ಬರುವ ವಾಸನೆಯೇ ಬೇರೆ. ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರದ ನಮ್ಮ ಸೋದರತ್ತೆಯ ಜಗಲಿ ಕಣ್ಣಮುಂದೆ ಬಂತು. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಪುಟ್ಟತ್ತೆ ಆ ಜಗಲಿಯಲ್ಲಿ ಹೂ ಕಟ್ಟಿ ಮಾರುತ್ತಿದ್ದಳು. ಅಲ್ಲಿ ಅಳತೆಗೆಲ್ಲ ಮೈಯೇ ಆಧಾರ. ಉಪ್ಪಿಗೆ ಚಿಟಿಕೆ, ಹಿಟ್ಟಿಗೆ ಬೊಗಸೆ, ಬಾವಿಗೆ ಆಳುದ್ದ, ಹೂವಿಗೆ ಮೊಳ, ಎಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ನಮ್ಮತ್ತೆಯ ಕೈಯೋ, ಅಬ್ಬಬ್ಬಾ, ಬೀದಿಗೆಲ್ಲ ಉದ್ದ! ಹೆಂಗಸರು ಬೇರೆ ಹೂವಾಡಗಿತ್ತಿಯರನ್ನು ದಾಟಿಕೊಂಡು ಇವಳ ಹತ್ತಿರವೇ ಬರುತ್ತಿದ್ದರು. ಅವಳಿಗೆ ಅದರ ಜಂಬವೂ ಇತ್ತು, ಯಾಕಿರಬಾರದು?

ಒಂದು ವರ್ಷ ಶ್ರಾವಣಕ್ಕೆ ಮುಂಚೆ ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕಟ್ಟು ಬಿಚ್ಚಿದಾಗ ಮೂಳೆ ಸೊಟ್ಟಗೆ ಕೂಡಿ, ಮೊಳ ಎರಡು ಬೆರಳು ಗಿಡ್ಡವಾಗಿತ್ತು. "ಎಡಗೈಲಿ ಅಳೆದು ಕೊಡು ಅತ್ತೆ" ಎಂದೆ. "ಥೂ, ತಲೆಗೆ ಮುಡಿಯೋ ಹೂವ ಎಡಗೈಲಿ ಅಳ್ದು ಕೊಡದಾ?" ಎಂದು ಗದರಿದಳು. ನನ್ನ ಸ್ಕೂಲಿನ ಸ್ಕೇಲು ತಂದುಕೊಟ್ಟೆ. "ಓಗೇ, ಇದೇನ್ ಕಿಟಕಿ ಪರದೆನಾ? ಹೂವು ಮೈಯಿಂದ ಮೈಗೆ ಓಗೋದು ಕಣೇ. ಮಧ್ಯ ಈ ಮರದ ತುಂಡು ಯಾಕೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ಮೋಸಗಾತಿ ಅಂದ್ಬುಟ್ರೆ ನಾನು ಸತ್ತಂಗೆ" ಎಂದಳು. ಎರಡು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ.

ಶುಕ್ರವಾರ ಮೊದಲು ಬಂದವಳು ಎದುರುಮನೆ ಗಿರಿಜಮ್ಮ. ಅವಳೋ ಕೊಸರು ಕೇಳದೆ ಒಂದು ಕಟ್ಟು ಸೊಪ್ಪನ್ನೂ ಕೊಂಡವಳಲ್ಲ. ಅತ್ತೆ ಎರಡು ಮೊಳ ಅಳೆದು, ತಲೆ ತಗ್ಗಿಸಿಕೊಂಡು ಇನ್ನೊಂದು ಗೇಣು ಸೇರಿಸಿದಳು.

"ಇದ್ಯಾಕೆ?"

"ಕೈ ಗಿಡ್ಡಾಗೈತೆ ಕಣಕ್ಕ."

"ಕೈ ನಿಂದು ತಾನೇ? ಅಂಗಾರೆ ಮೊಳಾನೂ ಅದೇ." ಗಿರಿಜಮ್ಮ ಹೆಚ್ಚಿಗೆಯ ಗೇಣನ್ನು ಕಿತ್ತು ಬುಟ್ಟಿಗೆ ಹಾಕಿ, ಮಿಕ್ಕಿದ್ದನ್ನು ಮುಡಿದು ಹೊರಟೇಬಿಟ್ಟಳು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ನಕ್ಕಳು. ಅಂದಿನಿಂದ ನಮ್ಮ ಬೀದಿಗೆ ಆ ಸೊಟ್ಟ ಕೈಯೇ ಮೊಳವಾಯಿತು. ಎಷ್ಟೋ ವರ್ಷ ಅದರಲ್ಲೇ ಹೂ ಮುಡಿದೆವು, ಸುಖವಾಗಿಯೇ ಇದ್ದೆವು.

ಅತ್ತೆ ತೀರಿಕೊಂಡ ದಿನ ಪೇಟೆಯ ಹೂವಾಡಗಿತ್ತಿಯನ್ನು ಕರೆಸಿದರು. ಪಾಪ, ಧಾರಾಳವಾಗಿಯೇ ಅಳೆಯಲು ಕೈ ನೀಡಿದಳು. ಗೋಡೆಗೊರಗಿ ಕೂತಿದ್ದ ಗಿರಿಜಮ್ಮ ಮುದಿ ಮಂಡಿಯೂರಿ ಎದ್ದಳು.

"ತಡಿಯವ್ವ. ನಿನ್ ಮೊಳ ಅಲ್ಲ, ಇವ್ಳ ಮೊಳ."

ಅತ್ತೆಯ ಬಲಗೈಯನ್ನು ಮೆಲ್ಲಗೆ ಬಿಡಿಸಿ, ಅದರ ಉದ್ದಕ್ಕೂ ಹೂವನ್ನು ಹಿಡಿದು, ಒಂದು, ಎರಡು ಎಂದು ಗಟ್ಟಿಯಾಗಿ ಅಳೆದಳು. ಐದಕ್ಕೆ ಸರಿಯಾಯಿತು. ಆ ಕೈಯನ್ನು ಮತ್ತೆ ಎದೆಯ ಮೇಲಿಟ್ಟಳು. ನಾವು ಯಾರೂ ಕೊಸರು ಕೇಳಲಿಲ್ಲ.