ಗಡಿ ದಾಟಿದ ಮಂಚ

ಕಟಕೋಳದ ನೀಲಪ್ಪನದು ಸೈಕಲ್ ರಿಪೇರಿ ಕಸುಬು. ಅಂಗಡಿಯ ಹಿಂದಿನ ಖೋಲಿಯಲ್ಲಿ, ಅವನು ಸದಸ್ಯನಾಗಿದ್ದ ಸೇವಾಬಳಗದ ಮಂಚ ಇರುತ್ತಿತ್ತು. ಹಿಡಿಕೆ ತಿರುವಿದರೆ ತಲೆಯ ಕಡೆ ಏಳುವ, ಆಸ್ಪತ್ರೆಯ ತರಹದ್ದು. ಹಾಸಿಗೆ ಹಿಡಿದವರ ಮನೆಗೆ ಅದನ್ನು ಪುಕ್ಕಟೆ ಒಯ್ದು ಕೊಡುವುದು, ತಂದ ಮೇಲೆ ತೊಳೆದು ಹಿಡಿಕೆಗೆ ಎಣ್ಣೆ ಬಿಡುವುದು, ಇಷ್ಟೇ ಅವನ ಸೇವೆ. ಹನ್ನೊಂದು ವರ್ಷ ಮಾಡಿದ.

ಬಳಗದ ದೊಡ್ಡವರ ಸೇವೆ ಬೇರೆ ನಮೂನೆಯದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಾಲ್ಕು ವಿಭಾಗ ಮಾಡಿದರು. ಒಂದೊಂದಕ್ಕೆ ಒಬ್ಬ ಪ್ರಮುಖ, ಎಲ್ಲರ ಮೇಲೆ ವಲಯಾಧ್ಯಕ್ಷ ಅಭಿಜಿತ. ರಾಮದುರ್ಗಕ್ಕೆ ನೀಲಪ್ಪನೇ ಪ್ರಮುಖನಾದ. ಒಂದು ವಿಭಾಗದ ವಸ್ತು ಇನ್ನೊಂದಕ್ಕೆ ಹೋಗಬೇಕಾದರೆ ಇಬ್ಬರು ಪ್ರಮುಖರ ಸಹಿ, ಅಧ್ಯಕ್ಷರ ಮುದ್ರೆ. ರೋಗ ಮಾತ್ರ ಯಾರ ಸಹಿಗೂ ಕಾಯುತ್ತಿರಲಿಲ್ಲ.

ಸಿರಸಂಗಿಯ ಮುದುಕಿ ಭಾಗೀರಥಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ನೆಲದ ಮೇಲೆ ಮಲಗಿ ಮಲಗಿ ಬೆನ್ನು ಹುಣ್ಣಾಯಿತು. ಅವಳ ಊರು ಸವದತ್ತಿ ವಿಭಾಗದ್ದು. ಆ ವಿಭಾಗಕ್ಕೂ ಹೊಸ ಮಂಚ ಬಂದಿತ್ತು, ಆದರೆ ಬಳಗದ ರಾಜ್ಯಾಧ್ಯಕ್ಷರ ಕೈಯಿಂದ ಉದ್ಘಾಟನೆ ಆಗುವತನಕ ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹರಿಯುವಂತಿರಲಿಲ್ಲ. ನಾಲ್ಕು ತಿಂಗಳಾದರೂ ಅವರಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಮೊಮ್ಮಗಳು ಐಶ್ವರ್ಯಾ ನೀಲಪ್ಪನಿಗೆ ಫೋನ್ ಮಾಡಿ ಅತ್ತಳು. ಅವತ್ತೇ ಅವನು ಮಂಚವನ್ನು ಟೆಂಪೋಕ್ಕೆ ಹೇರಿ ಒಯ್ದು ಹಾಕಿಬಂದ.

ಕಿತ್ತೂರಿನಲ್ಲಿ ಬಳಗದ ಸಭೆಗೆ ಅವನಿಗೆ ಕರೆ ಬಂತು. ಮಂಚ ವಾಪಸು ತರಬೇಕು, ಇಲ್ಲವಾದರೆ ಹುದ್ದೆ ಬಿಡಬೇಕು ಎಂದು ಅಭಿಜಿತ ಗೋಡಂಬಿ ಅಗಿಯುತ್ತ ಹೇಳಿದ. ನೀಲಪ್ಪ ಎದ್ದು ನಿಂತ.

"ಸಾಹೇಬ್ರ, ಆ ಯವ್ವ ಅದರ ಮ್ಯಾಲ ಮಲಗ್ಯಾಳ್ರಿ. ನೀವು ಬಂದು ಎಬ್ಬಸ್ರಿ, ಮಂಚ ನಾ ಹೊತಗೊಂಡು ಬರತೇನಿ."

ಅವನನ್ನು ತೆಗೆದುಹಾಕಿದರು, ಠರಾವಿಗೆ ಮೂರು ವಿಭಾಗಗಳ ಕೈ ಒಟ್ಟಿಗೇ ಎದ್ದವು. ಮಂಚ ತರಲು ಮಾತ್ರ ಯಾರೂ ಹೋಗಲಿಲ್ಲ. ಬಳಗದಲ್ಲಿ ಮಂಚ ಹೊರುವವನು ಅವನೊಬ್ಬನೇ ಇದ್ದ. ಎಂಟು ತಿಂಗಳ ಮೇಲೆ ಭಾಗೀರಥಿ ಕೋಲು ಹಿಡಿದು ಓಡಾಡತೊಡಗಿದಳು.

ಹೋದ ತಿಂಗಳು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ನೀಲಪ್ಪ ಹೋಗಿಬಿಟ್ಟ. ರಾಮದುರ್ಗದಲ್ಲಿ ಬಳಗದ ಶ್ರದ್ಧಾಂಜಲಿ ಸಭೆ. ಬ್ಯಾನರಿನಲ್ಲಿ ಅವನು ಮತ್ತೆ 'ವಿಭಾಗ ಪ್ರಮುಖ'. ಅವನ ಶಿಸ್ತಿನ ಬಗ್ಗೆ ಅಭಿಜಿತ ಇಪ್ಪತ್ತು ನಿಮಿಷ ಮಾತಾಡಿದ.

ಕುರ್ಚಿಗಳಿಗೂ ವಿಭಾಗದ ಚೀಟಿ ಅಂಟಿಸಿದ್ದರು. ಕೋಲೂರಿಕೊಂಡು ಬಂದ ಭಾಗೀರಥಿಗೆ, ಸವದತ್ತಿಯವರು ಹಿಂದೆ ಕೂರಬೇಕೆಂದು ಬ್ಯಾಡ್ಜಿನವನೊಬ್ಬ ಕೈ ತೋರಿಸಿದ. ಅವಳು ಅವನತ್ತ ನೋಡಲೂ ಇಲ್ಲ. ಮುಂದಿನ ಸಾಲಿನಲ್ಲಿದ್ದ ನೀಲಪ್ಪನ ಹೆಂಡತಿ ಶೆಟ್ಟೆವ್ವನ ಹತ್ತಿರ ನಡೆದುಹೋದಳು.

"ಬಾ ಯವ್ವಾ, ಇಲ್ಲಿ ಕುಂದರ," ಎಂದು ಶೆಟ್ಟೆವ್ವ ಸರಿದು ಜಾಗ ಮಾಡಿದಳು. ಸಹಿ ಕೇಳಲಿಲ್ಲ.