ಬೀಜದ ಜೋಳದಲ್ಲಿ ಅವ್ವನ ಫೋಟೊ

ಅವ್ವ ನಕ್ಕ ಫೋಟೊ ಇರುವುದು ಒಂದೇ. ಮಿಕ್ಕದ್ದರಲ್ಲೆಲ್ಲ ಆಕೆ ಆಧಾರ್ ಕಾರ್ಡಿಗೆ ಕೂತವಳ ಹಾಗೆ ಮುಖ ಬಿಗಿದುಕೊಂಡಿದ್ದಾಳೆ. ಆ ನಗುವ ಫೋಟೊ ಶಿರವಾಳದ ಚಿಗವ್ವನ, ಅಂದರೆ ಚಿಕ್ಕಮ್ಮನ, ಅಂಗಳದಲ್ಲಿ ನಾನೇ ಮೊಬೈಲಿನಲ್ಲಿ ತೆಗೆದದ್ದು. ಆ ಮೊಬೈಲ್ ಎಂದೋ ಹಾಳಾಯಿತು; ಅದಕ್ಕೂ ಮೊದಲೇ ಕಂಪ್ಯೂಟರಿಗೆ ಹಾಕಿದ್ದರಿಂದ ಫೋಟೊ ಉಳಿದಿತ್ತು. ಅವ್ವ ಹೋದ ಮೇಲೆ ಫೋಟೊವೂ ಹೋದೀತೆಂಬ ಭಯ ಹತ್ತಿತು.

ಬಿತ್ತುವ ಜೋಳದ ವಿಷಯದಲ್ಲಿ ಅವ್ವನದೊಂದು ಕಟ್ಟಪ್ಪಣೆ ಇತ್ತು: "ಒಂದ ಮನ್ಯಾಗ ಇಡಬ್ಯಾಡ. ಇಲಿ ಹೊಕ್ಕರೂ ಹೋತು, ನೀರು ಹೊಕ್ಕರೂ ಹೋತು." ನಮ್ಮ ಬೀಜ ಪ್ರತಿ ವರ್ಷ ಮೂರು ಮನೆಗೆ ಹಂಚಿಹೋಗುತ್ತಿತ್ತು, ಮರಳುವಾಗ ಒಂದು ಬೊಗಸೆ ಹೆಚ್ಚಾಗಿ ಬರುತ್ತಿತ್ತು. ನಾನೂ ಹಾಗೇ ಮಾಡಿದೆ. ಯಾದಗಿರಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಫೋಟೊಗಳನ್ನು ಎರಡು ಪೆನ್‌ಡ್ರೈವ್‌ಗೂ ತುಂಬಿ, ಒಂದನ್ನು ಸುರಪುರದ ಸೋದರಮಾವನಿಗೆ, ಇನ್ನೊಂದನ್ನು ಚಿಗವ್ವನಿಗೆ ಕೊಟ್ಟೆ. "ಇದರಾಗ ಅವ್ವ ಅದಾಳ, ಜ್ವಾಕಿ" ಎಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

ಈ ಬೇಸಿಗೆಯಲ್ಲಿ ಕಂಪ್ಯೂಟರ್ ಕಣ್ಣು ಮುಚ್ಚಿತು. ರಿಪೇರಿಯವನು "ಡಿಸ್ಕ್ ಖತಂ ಆಗ್ಯದ್ರಿ" ಎಂದ. ಲ್ಯಾಪ್‌ಟಾಪ್ ಕೇಳಿ ತಂದು ಸುರಪುರದ ಬಸ್ ಹತ್ತಿದೆ.

ಮಾವ ಪೆನ್‌ಡ್ರೈವನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದ. ದಿನಾ ನೀರು, ಕುಂಕುಮ. ಅಮಾವಾಸ್ಯೆಗೆ ಹಾಲು ಬೇರೆ.

"ಮಾವಾ, ಇದಕ್ಕ ನೀರು ಹಾಕಬಾರ್ದಿತ್ತು."

"ಅಕ್ಕ ಅದಾಳ ಅಂದಿ. ಅಕ್ಕನ್ನ ನೀರಿಲ್ಲದ ಕುಂದ್ರಸ್ಲೇನೋ?"

ಅದರ ಬಾಯಲ್ಲಿ ಕುಂಕುಮ ಗಟ್ಟಿ ಕಟ್ಟಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಮಿಸುಕಲಿಲ್ಲ. "ಮಲಗ್ಯಾಳ, ಬಿಡು" ಎಂದ ಮಾವ, ಮೆಲ್ಲಗೆ.

ಉಳಿದದ್ದು ಚಿಗವ್ವ ಒಬ್ಬಳೇ. ಶಿರವಾಳಕ್ಕೆ ಹೋದರೆ ಆಕೆ ತಗಡಿನ ಡಬ್ಬಿ ತಂದು ಮುಂದೆ ಕುಕ್ಕಿದಳು. ಮೇಲೆ ಬೇವಿನ ಸೊಪ್ಪು, ಕೆಳಗೆ ಬೂದಿ ಕಲೆಸಿದ ಬೀಜದ ಜೋಳ. ಮೊಣಕೈವರೆಗೆ ಕೈ ಇಳಿಸಿ ಅರಿವೆಯ ಗಂಟೊಂದನ್ನು ಎಳೆದು, ಪೆನ್‌ಡ್ರೈವ್ ಬಿಚ್ಚಿ ಕೊಟ್ಟಳು.

"ನುಸಿ ಹತ್ತಿಲ್ಲ ನೋಡು."

ಚುಚ್ಚಿದೆ. ತೆರೆಯಿತು. ಆಡು. ಅದರ ಕೆಳಗೆ ಆಡು. ಮೇಯುವ ಆಡು, ಮಲಗಿದ ಆಡು, ಬಾಲ ಮಾತ್ರ ಕಾಣುವ ಆಡು.

"ಚಿಗವ್ವಾ, ಅವ್ವ ಎಲ್ಲಿ?"

"ಅದಾಳ, ಕೆಳಗ ಹುಡುಕು. ಬೀಜ ವಾಪಸ್ ಕೊಡುವಾಗ ಬೊಗಸಿ ಹೆಚ್ಚಿಗಿ ಹಾಕಬೇಕಲ್ಲೋ? ಶಹಾಪುರದ ಮೊಬೈಲ್ ಅಂಗಡ್ಯಾವಗ ಹೇಳಿ ನನ್ನ ಆಡು ಹಾಕಿಸೀನಿ. ಇದ್ದಷ್ಟ ಕೊಟ್ರ ನಿಮ್ಮವ್ವ ನನಗ ಏನಂದಾಳು?"

ಇನ್ನೂರು ಆಡು ದಾಟಿದ ಮೇಲೆ ಅವ್ವ ಸಿಕ್ಕಳು. ನಗುತ್ತಲೇ ಇದ್ದಳು. ಚಿಗವ್ವ ನನ್ನ ಹೆಗಲ ಮೇಲಿಂದ ಬಗ್ಗಿದಳು.

"ಯಾಕ ನಗಾಕತ್ಯಾಳ ಗೊತ್ತದೇನು? ನೀ ಫೋಟೊ ತೆಗಿಯುವಾಗ ಕರಿ ಆಡು ನಿನ್ನ ಹಿಂದ ನಿಂತು ಅಂಗಿ ತಿನ್ನಾಕತ್ತಿತ್ತು. ನಿನಗ ಖಬರೇ ಇಲ್ಲ." ಆಮೇಲೆ ಬಾಲದ ಫೋಟೊದ ಮೇಲೆ ಬೆರಳಿಟ್ಟಳು. "ಇಕಿ ಅದರ ಮೊಮ್ಮಗಳು."

ಹೊಸ ಡಿಸ್ಕಿಗೆ ತುಂಬುವಾಗ ಆಡುಗಳನ್ನು ಅಳಿಸಬೇಕೆಂದಿದ್ದೆ. ಕೈ ಬರಲಿಲ್ಲ. ಮಾವನಿಗೂ ಎಲ್ಲವನ್ನೂ ತುಂಬಿದ ಹೊಸ ಪೆನ್‌ಡ್ರೈವ್ ಒಯ್ದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಯೇ ಕೊಟ್ಟೆ. ಸುರಪುರದ ಆ ಜಗಲಿಯ ಮೇಲೆ ಈಗ ಅವ್ವನ ಜೊತೆ ಇನ್ನೂರು ಆಡುಗಳಿಗೂ ದಿನಾ ಪೂಜೆ ನಡೆಯುತ್ತಿದೆ.