ನೀರಿಗೆ ಕೈ ಹಚ್ಚದ ಜಗಳ

ಸಿಂದಗಿಯ ಕಾಲೇಜೊಂದರಲ್ಲಿ ನಾನು ಇತಿಹಾಸ ಹೇಳುತ್ತೇನೆ. ಪಾಠ ಬೇಗ ಮುಗಿದ ದಿನ ಪಠ್ಯದಲ್ಲಿಲ್ಲದ ಯಾವುದಾದರೂ ಜಗಳದ ಕಥೆ ತೆಗೆಯುವುದು ನನ್ನ ಚಟ. ಪಂಚಾಯಿತಿ ಚುನಾವಣೆ ಮುಗಿದ ವಾರ, ನೂರಾರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ನಡೆದ ಸಿಂಹಾಸನದ ಜಗಳ ಹೇಳಿದೆ. ಗಂಡುಮಗನಿಲ್ಲದ ರಾಜ ಸತ್ತ. ಪಟ್ಟ ಮಗಳಿಗೇ ಎಂದು ಸರದಾರರೆಲ್ಲ ಆಣೆ ಮಾಡಿದ್ದರು. ಆದರೆ ರಾಜನ ಸೋದರಿಯ ಮಗ ಓಡಿಬಂದು ಕಿರೀಟ ಹಾಕಿಕೊಂಡ. ದೇಶವೇ ಎರಡು ಪಾರ್ಟಿಯಾಯಿತು.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. “ಮೇಡಂ, ಆಕಿ ಅಂವಗ ಸೋದರಮಾವನ ಮಗಳ ಆದ್ಲಲ್ರಿ. ಇಬ್ಬರ್ದೂ ಲಗ್ನ ಮಾಡಿದ್ರ ಮುಗೀತಿತ್ತಲ್ರಿ.”

ಅಲ್ಲಿ ಹಾಗೆ ಮದುವೆಯಾಗುವಂತಿಲ್ಲ, ಅಲ್ಲದೆ ಇಬ್ಬರಿಗೂ ಬೇರೆ ಕಡೆ ಮದುವೆಯಾಗಿತ್ತು ಎಂದು ನಾನು ಎಷ್ಟೇ ಬಡಿದುಕೊಂಡರೂ ಕೇಳಲಿಲ್ಲ. ಆ ದೇಶದ ಹಿರಿಯರಿಗೆ ಬುದ್ಧಿ ಇರಲಿಲ್ಲವೆಂದು ಇಡೀ ಕ್ಲಾಸು ತೀರ್ಪು ಕೊಟ್ಟು ಊಟಕ್ಕೆ ಹೋಯಿತು.

ಎಳ್ಳ ಅಮಾವಾಸ್ಯೆಗೆಂದು ರಜೆ ಹಾಕಿ ಬಾಗೇವಾಡಿ ಕಡೆಯ ನನ್ನ ಊರಿಗೆ ಹೋದೆ. ಅಪ್ಪ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. ರೊಟ್ಟಿ ಮುರಿದಿರಲಿಲ್ಲ. ಚುನಾವಣೆಯಲ್ಲಿ ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಸ್ವಂತ ಅಣ್ಣ, ಸೋತಿದ್ದ. ಗೆದ್ದವರ ಪಾರ್ಟಿಯಲ್ಲಿ ನಮ್ಮ ಹೊಲದ ಬದುವಿನಾಚೆಯ ಕಾಕಾ ಇದ್ದ. ಆಲಮಟ್ಟಿಯ ಕಾಲುವೆ ನೀರು ನಮ್ಮ ಹೊಲ ದಾಟಿಯೇ ಅವನ ಗೋಧಿಗೆ ಹೋಗಬೇಕು. ಈ ಸಲದ ನೀರಿನ ಪಾಳಿಯಲ್ಲಿ ಅವನಿಗೆ ಒಂದು ಹನಿ ಬಿಡಬಾರದೆಂದು ದೊಡ್ಡಪ್ಪ ಹೇಳಿ ಕಳಿಸಿದ್ದ. ಗೋಧಿ ತೆನೆ ಹಾಯುವ ಹೊತ್ತು. ಈ ಪಾಳಿ ತಪ್ಪಿದರೆ ಕಾಕಾನ ವರ್ಷದ ಬೆಳೆ ಹೋದಂತೆಯೇ.

ಕಾಕಾ ನಮಗೆ ರಕ್ತ ಸಂಬಂಧಿಯಲ್ಲ. ಇಬ್ಬರ ಬಳಿಯೂ ಒಂದೊಂದೇ ಎತ್ತಿದ್ದ ಕಾಲದಲ್ಲಿ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಎರಡೂ ಹೊಲ ಉತ್ತವರು ಅವರು. ಅಣ್ಣನಿಗೆ ಇಲ್ಲ ಎನ್ನುವ ಧೈರ್ಯ ಅಪ್ಪನಿಗಿಲ್ಲ, ಕಾಕಾನ ಹೊಲ ಒಣಗಿಸುವ ಮನಸ್ಸೂ ಇಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಅಪ್ಪ ಉಣ್ಣಲೆಂದು ಅದೇ ಇಂಗ್ಲೆಂಡಿನ ಕಥೆ ಅವನಿಗೂ ಹೇಳಿದೆ. ಅಲ್ಲೊಬ್ಬ ಸರದಾರನಿಗೂ ಹೀಗೇ ಆಗಿತ್ತು. ಅವನು ಒಂದು ಪಾರ್ಟಿ, ಪಕ್ಕದ ಸೀಮೆಯ ಸರದಾರ ಇನ್ನೊಂದು. ಕೊನೆಗೆ ಇಬ್ಬರೂ ಕೂತು ಮಾತಾಡಿಕೊಂಡರು: ಒಡೆಯರು ಕರೆದರೆ ಯುದ್ಧಕ್ಕೆ ಬರಲೇಬೇಕು, ಬರೋಣ. ಆದರೆ ಇಪ್ಪತ್ತಕ್ಕಿಂತ ಹೆಚ್ಚು ಸವಾರರನ್ನು ತರುವುದು ಬೇಡ. ಒಬ್ಬರದು ಒಬ್ಬರು ಹಿಡಿದ ಮಾಲನ್ನು ವಾಪಸು ಕೊಡೋಣ.

“ಒಡೆಯಗ ಗೊತ್ತಾಗಲಿಲ್ಲೇನು?” ಅಪ್ಪ ಕೇಳಿದ.

“ದಂಡು ಬಂದದ್ದು ಕಾಣತಿತ್ತಲ್ಲಪಾ. ಎಣಿಸಾಕ ಅವಗ ಪುರುಸೊತ್ತ ಎಲ್ಲಿತ್ತು?”

ಅಪ್ಪ ರೊಟ್ಟಿ ಮುರಿದ.

ಮರುದಿನ ಅಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ನಾವೆಲ್ಲ ಊಟಕ್ಕೆ ಕೂತೆವು. ಆ ದಿನ ಹೊಲದಲ್ಲಿ ಕಣ್ಣಿಗೆ ಬಿದ್ದವರನ್ನು ಉಣ್ಣಿಸದೆ ಕಳಿಸುವಂತಿಲ್ಲ. ಈ ಸಲ ಪಾರ್ಟಿ ಜಗಳದಿಂದಾಗಿ ಜನ ಆಚೆ ಹೊಲದ ಕಡೆ ನೋಡದೇ ಈ ಕಟ್ಟಳೆಯಿಂದ ತಪ್ಪಿಸಿಕೊಳ್ಳುತ್ತಿದ್ದರು. ಅಪ್ಪ ನೋಡಿಯೇಬಿಟ್ಟ. ಕೈ ಮಾಡಿ ಕರೆದ. ಕಾಕಾ ಅತ್ತಿತ್ತ ನೋಡಿ, ಬದು ದಾಟಿ ಬಂದು ಕೂತ. ಅವ್ವ ಶೇಂಗಾ ಹೋಳಿಗೆ ಬಡಿಸಿದಳು. ಅಪ್ಪ ನನ್ನ ಸರದಾರರನ್ನು ಎರಡು ಊರಿನ ಗೌಡರನ್ನಾಗಿ ಮಾಡಿ, ಕುದುರೆಗಳಿಗೆ ಎತ್ತು ಸೇರಿಸಿ ಕಥೆ ಹೇಳಿದ. ಇತಿಹಾಸದ ಮೇಡಂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

“ನಮ್ಮ ಮಂದಿ ಮುಂದ ನಿನ್ನ ಬೈತೇನಿ. ನೀನೂ ಬೈ,” ಅಂದ ಅಪ್ಪ. “ನೀರಿಗೆ ಮಾತ್ರ ಯಾರೂ ಕೈ ಹಚ್ಚೂದು ಬ್ಯಾಡ.”

ಕಾಕಾ ಬಹಳ ಹೊತ್ತು ಹೋಳಿಗೆ ಅಗಿದ. “ಅವ್ವನ ಮ್ಯಾಲ ಬೈಬ್ಯಾಡ ಮತ್ತ. ನಿಮ್ಮವ್ವ ನನಗ ಉಣಿಸ್ಯಾಳ, ನಮ್ಮವ್ವ ನಿನಗ.”

“ಇಲ್ಲ. ಬರೇ ನಿನ್ನಷ್ಟ.”

ನೀರಿನ ಪಾಳಿ ಬಂದ ಬೆಳಿಗ್ಗೆ ನಾನೂ ಹೊಲಕ್ಕೆ ಹೋದೆ. ದೊಡ್ಡಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಅಪ್ಪ ಬದುವಿನ ಮೇಲೆ ನಿಂತು ಶುರು ಮಾಡಿದ. ಕಾಕಾನ ಮೀಸೆ, ಅವನ ನಡಿಗೆ, ಅವನು ಬಿತ್ತುವ ರೀತಿ, ಯಾವುದನ್ನೂ ಬಿಡಲಿಲ್ಲ. ಆಚೆಯಿಂದ ಕಾಕಾ ಅಷ್ಟೇ ಜೋರಾಗಿ ತಿರುಗಿಸಿ ಕೊಟ್ಟ. ಬಂದವರು ಖುಷಿಯಾಗಿ ಬೀಡಿ ಹಚ್ಚಿದರು. ದೊಡ್ಡಪ್ಪ ಮಾತ್ರ ಕಾಲುವೆಯ ಕಡೆ ನೋಡುತ್ತಿದ್ದ. ನೀರು ಆರಾಮಾಗಿ ಕಾಕಾನ ಹೊಲಕ್ಕೆ ಹರಿಯುತ್ತಿತ್ತು.

“ಬಂದ್ ಮಾಡಿಲ್ಲಲ್ಲೋ,” ಅಂದ ದೊಡ್ಡಪ್ಪ.

ಅಪ್ಪ ತಲೆ ತಗ್ಗಿಸಿದ. ಆದರೆ ಮಾತು ನುಂಗಲಿಲ್ಲ. “ಅಣ್ಣಾ, ನೀ ಬೈ ಅಂದ್ರ ಸಂಜೀತನಕಾ ಬೈತೇನಿ. ನೀರ ಮಾತ್ರ ನನ್ನ ಕೈಲಿ ನಿಲ್ಲಸಾಕ ಆಗೂದಿಲ್ಲ.”

ಅಣ್ಣನಿಗೆ ಅಪ್ಪ ಇಲ್ಲ ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ದೊಡ್ಡಪ್ಪ ಗೋಧಿಯನ್ನು ನೋಡಿದ, ತಮ್ಮನನ್ನು ನೋಡಿದ, ಮೆಲ್ಲಗೆ ಬದುವಿನ ಮೇಲೆ ಕೂತ. ಸೋತ ಮೇಲೆ ಅವನೂ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

“ಹಂಗಾರ ಚಂದಂಗ ಬೈ,” ಅಂದ. “ಊರ ಮಂದಿಗೆ ಕೇಳಬೇಕು.”

ಅಪ್ಪ ಆಚೆ ತಿರುಗಿ ಬಾಯಿ ತೆರೆದ. ಬೈಗುಳ ಬರಲಿಲ್ಲ, ಅಳು ಬಂತು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತುಬಿಟ್ಟ.

ಕೆಸರಿನಲ್ಲಿ ನಿಂತಿದ್ದ ಕಾಕಾನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಅಲ್ಲಿಂದಲೇ ಕೂಗಿದ.

“ಯಾಕಲೇ, ಇಷ್ಟಕ್ಕ ಸಾಕಾತೇನು? ನನ್ನ ಹೊಲ ಇನ್ನೂ ಅರ್ಧ ತೊಯ್ಯಬೇಕು, ಬೈ.”